ಟ್ರೇಡ್ ಶೋನಲ್ಲಿ ಸ್ಟಾಲ್ ಹಾಕುವುದು: ಕಲಬುರಗಿ, ಬೀದರ್, ಯಾದಗಿರಿ ಉದ್ದಿಮೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ದಾಲ್ ಮಿಲ್ ಇರುವವರು, ಬಿದರಿ ಕುಶಲಕರ್ಮಿಗಳು, ಶಹಾಬಾದ್ ಕಲ್ಲಿನ ಘಟಕದವರು, ಖಡಕ್ ರೊಟ್ಟಿ ಮಾಡುವ ಸಂಘದವರು ಮೊದಲ ಸಲ ಊರ ಹೊರಗಿನ ಮೇಳಕ್ಕೆ ಹೊರಟಾಗ ಎದುರಾಗುವ ಪ್ರಶ್ನೆಗಳು ಇಲ್ಲಿವೆ. ಹಣ ಕಟ್ಟುವ ಮೊದಲೇ ಓದಿ. ಕಟ್ಟಿದ ಮೇಲೆ ಗೊತ್ತಾದರೆ ಉಪಯೋಗವಿಲ್ಲದ ಸಂಗತಿಗಳು ಇದರಲ್ಲಿ ಬಹಳ ಇವೆ.

ಶರಣಬಸವೇಶ್ವರ ಜಾತ್ರೆಯಲ್ಲಿ ಪ್ರತಿ ವರ್ಷ ಅಂಗಡಿ ಹಾಕುತ್ತೇವೆ. ಟ್ರೇಡ್ ಶೋ ಅಂದರೆ ಅದೇ ಅಲ್ಲವೇ?

ಅಲ್ಲ. ಜಾತ್ರೆಯಲ್ಲಿ ಗಿರಾಕಿ ಅರ್ಧ ಕೆಜಿ ಒಯ್ಯುತ್ತಾನೆ, ರೊಕ್ಕ ಕೊಡುತ್ತಾನೆ, ವ್ಯವಹಾರ ಅಲ್ಲಿಗೆ ಮುಗಿಯಿತು. ಟ್ರೇಡ್ ಶೋಗೆ ಬರುವವನು ಸಗಟು ವ್ಯಾಪಾರಿ, ಸೂಪರ್ ಮಾರ್ಕೆಟ್‌ನ ಖರೀದಿ ಅಧಿಕಾರಿ, ಹೋಟೆಲ್ ಮಾಲೀಕ, ಆರ್ಕಿಟೆಕ್ಟ್ ಅಥವಾ ರಫ್ತುದಾರ. ಅವನು ಅಂದು ಏನೂ ಕೊಳ್ಳದೆ ಹೋಗಬಹುದು. ಮೂರೇ ಮಾತು ಕೇಳುತ್ತಾನೆ: ರೇಟು ಎಷ್ಟು, ತಿಂಗಳಿಗೆ ಎಷ್ಟು ಮಾಲು ಕೊಡುತ್ತೀರಿ, ಆರ್ಡರ್ ಕೊಟ್ಟ ಎಷ್ಟನೇ ದಿನಕ್ಕೆ ಮುಟ್ಟುತ್ತದೆ. ನಮ್ಮ ಭಾಗದ ಒಳ್ಳೆಯ ಮಾಲು ಸೋಲುವುದು ಗುಣಮಟ್ಟದಲ್ಲಿ ಅಲ್ಲ, ಈ ಮೂರು ಮಾತಿಗೆ ಸ್ಟಾಲಿನಲ್ಲಿ ನಿಂತವನ ಹತ್ತಿರ ಉತ್ತರ ಇಲ್ಲದಿರುವುದರಲ್ಲಿ. ಉತ್ತರ ಕಾಗದದ ಮೇಲೆ ಸಿದ್ಧವಾಗುವವರೆಗೆ ಸ್ಟಾಲ್ ಬುಕ್ ಮಾಡಬೇಡಿ.

ಗ್ರಾಹಕರಿಗೂ ವ್ಯಾಪಾರಿಗಳಿಗೂ ಸೇರಿ ನಡೆಯುವ ಮೇಳಗಳೂ ಇವೆ. ದೆಹಲಿಯಲ್ಲಿ ಪ್ರತಿ ವರ್ಷ ನವೆಂಬರ್ 14ರಿಂದ 27ರವರೆಗೆ ನಡೆಯುವ ಭಾರತ ಅಂತರರಾಷ್ಟ್ರೀಯ ವ್ಯಾಪಾರ ಮೇಳದಲ್ಲಿ ಮೊದಲ ಕೆಲವು ದಿನ ವ್ಯಾಪಾರಿಗಳಿಗೆ ಮೀಸಲು, ಆಮೇಲೆ ಸಾರ್ವಜನಿಕರಿಗೆ. ಇಂಥ ಕಡೆ ಎರಡು ರೇಟು ಪಟ್ಟಿ ಬೇಕು. ಚಿಲ್ಲರೆ ದರ ಎದುರಿಗೆ, ಸಗಟು ದರ ಮೇಜಿನ ಒಳಗೆ.

ಮೊದಲ ಮೇಳ ಎಲ್ಲಿ ಮಾಡುವುದು? ಬೆಂಗಳೂರೋ, ಹೈದರಾಬಾದೋ?

ಬೀದರ್‌ನಿಂದ ಹೈದರಾಬಾದ್ ಸುಮಾರು 140 ಕಿ.ಮೀ., ಕಲಬುರಗಿಯಿಂದ ಸುಮಾರು 220. ಬೆಂಗಳೂರು ಇದರ ಸುಮಾರು ಮೂರರಿಂದ ಐದು ಪಟ್ಟು ದೂರ. ಒಂದು ಬಾಕ್ಸ್ ಮರೆತರೆ ಹೈದರಾಬಾದಿಗೆ ಅಂದೇ ತರಿಸಬಹುದು. ಭಾಷೆಯ ಅನುಕೂಲವೂ ಇದೆ. ಬೀದರ್, ಗುರುಮಠಕಲ್, ಸೇಡಂ ಕಡೆಯವರಿಗೆ ತೆಲುಗು, ಉರ್ದು ಎರಡೂ ಬಾಯಿಗೆ ಬರುತ್ತವೆ. ಹೈದರಾಬಾದಿನ ಪ್ರದರ್ಶನ ಕೇಂದ್ರ ಹೈಟೆಕ್ಸ್‌ನಲ್ಲಿ ಅದು ದೊಡ್ಡ ಬಲ. ಅಡ್ಡಿ ಒಂದೇ: ಅದು ಬೇರೆ ರಾಜ್ಯ, ಹಾಗಾಗಿ ಜಿಎಸ್‌ಟಿ ಕಾಗದದ ಕೆಲಸ ಹೆಚ್ಚು. ಅದನ್ನು ಕೆಳಗೆ ವಿವರಿಸಿದೆ.

ಊರಿಗಿಂತ ವಿಷಯ ಮುಖ್ಯ. ಕಲ್ಲಿನವರಿಗೆ ಬೆಂಗಳೂರಿನ ಸ್ಟೋನಾ, ಸಾವಯವ ಮತ್ತು ಸಿರಿಧಾನ್ಯದವರಿಗೆ ಕೃಷಿ ಇಲಾಖೆ ನಡೆಸುವ ಸಾವಯವ ಸಿರಿಧಾನ್ಯ ಮೇಳ, ಬೀಜ ಮತ್ತು ಕೃಷಿ ಉಪಕರಣದವರಿಗೆ ರಾಯಚೂರು, ಧಾರವಾಡದ ಕೃಷಿ ಮೇಳ. ‘ಎಲ್ಲಾ ಬಗೆಯ ಉತ್ಪನ್ನ’ ಎಂದು ಕರಪತ್ರದಲ್ಲಿ ಬರೆದ ಮೇಳಕ್ಕೆ ಬರುವ ಜನ ಗಿರಾಕಿಗಳೇ, ಖರೀದಿದಾರರಲ್ಲ. ಸಾಧ್ಯವಿದ್ದರೆ ಒಂದು ವರ್ಷ ಮೊದಲು ಅದೇ ಮೇಳಕ್ಕೆ ಬರೀ ನೋಡಲು ಹೋಗಿ ಬನ್ನಿ. ಬಸ್ ಚಾರ್ಜಿನ ಖರ್ಚಿನಲ್ಲಿ ಲಕ್ಷ ರೂಪಾಯಿಯ ತಪ್ಪು ತಪ್ಪುತ್ತದೆ.

ಒಟ್ಟು ಎಷ್ಟು ಖರ್ಚು ಬರುತ್ತದೆ?

ಸ್ಟಾಲ್ ಬಾಡಿಗೆಯ ಸುಮಾರು ಮೂರು ಪಟ್ಟು ಕೈಯಲ್ಲಿ ಇಟ್ಟುಕೊಳ್ಳಿ. ಬಾಡಿಗೆ ಚದರ ಮೀಟರ್‌ಗೆ 8,000 ರೂ. ಎಂದು ಹಿಡಿದರೆ 9 ಚದರ ಮೀಟರ್‌ಗೆ 72,000. ಅದರ ಮೇಲೆ ಶೇ 18 ಜಿಎಸ್‌ಟಿ 12,960. ಎರಡು ಬದಿ ತೆರೆದ ಮೂಲೆ ಸ್ಟಾಲ್ ಬೇಕೆಂದರೆ ಸಾಮಾನ್ಯವಾಗಿ ಇನ್ನೂ ಶೇ 10 ಹೆಚ್ಚು. ಆಮೇಲೆ ಪ್ರಿಂಟ್, ಸಾಗಣೆ, ಹಮಾಲಿ, ಹೆಚ್ಚುವರಿ ಕರೆಂಟು, ಮೂವರ ಐದು ದಿನದ ಊಟ ವಸತಿ, ಸ್ಯಾಂಪಲ್. ಜನ ಮರೆಯುವುದು ಸ್ಯಾಂಪಲ್ ಮತ್ತು ವಸತಿಯನ್ನು.

ಬುಕಿಂಗ್ ಫಾರಂನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಬರೆಯಲು ಮರೆಯಬೇಡಿ. ಬರೆದರೆ, ನೀವು ಮಾರುವುದು ತೆರಿಗೆ ಇರುವ ಮಾಲಾದರೆ, ಆ ಶೇ 18 ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟುವ ತೆರಿಗೆಯಲ್ಲಿ ವಜಾ ಆಗಿ, ಸಿಗುತ್ತದೆ. ರಾಜಿ ತೆರಿಗೆ, ಅಂದರೆ ವಹಿವಾಟಿನ ಮೇಲೆ ಇಂತಿಷ್ಟೇ ಶೇಕಡಾ ಕಟ್ಟುವ ಕಾಂಪೋಸಿಷನ್‌ನಲ್ಲಿ ಇರುವವರಿಗೆ ಈ ಕ್ರೆಡಿಟ್ ಇಲ್ಲ. ಅವರಿಗೆ ಅದು ಪೂರ್ತಿ ಖರ್ಚೇ.

ಶೆಲ್ ಸ್ಕೀಮ್, ರಾ ಸ್ಪೇಸ್ ಅಂತಾರೆ. ಯಾವುದು ಬೇಕು?

ಮೊದಲ ಸಲ ಶೆಲ್ ಸ್ಕೀಮ್. ಅಲ್ಯೂಮಿನಿಯಂ ಕಂಬ, ಬಿಳಿ ಪ್ಯಾನೆಲ್, ನೆಲಹಾಸು, ಮೇಲೆ ಹೆಸರು ಪಟ್ಟಿ, ಒಂದು ಮೇಜು, ಎರಡು ಕುರ್ಚಿ, ಮೂರು ದೀಪ, ಒಂದು 5 ಆಂಪ್ ಪ್ಲಗ್, ಒಂದು ಕಸದ ಬುಟ್ಟಿ ಸಾಮಾನ್ಯವಾಗಿ ಕೊಡುತ್ತಾರೆ. ರಾ ಸ್ಪೇಸ್ ಅಂದರೆ ನೆಲದ ಮೇಲೆ ಗೆರೆ ಎಳೆದ ಖಾಲಿ ಜಾಗ, ಕಟ್ಟುವವರು ನೀವೇ. ಸಣ್ಣ ಅಳತೆಯಲ್ಲಿ ಅದನ್ನು ಕೊಡುವುದೂ ಇಲ್ಲ.

ಪ್ಯಾನೆಲ್ ಒಂದೊಂದೂ 1 ಮೀ. ಅಗಲ, 2.5 ಮೀ. ಎತ್ತರ. 3×3 ಮೀ. ಸ್ಟಾಲಿನಲ್ಲಿ ಮೂರು ಬದಿ ಗೋಡೆಯಿದ್ದರೆ 9 ಪ್ಯಾನೆಲ್, ಮೂಲೆಯದಾದರೆ 6. ಮೂಲೆಗೆ ಜನ ಹೆಚ್ಚು, ಗೋಡೆ ಕಡಿಮೆ. ಜನರೇ ಕೈಯಲ್ಲಿ ಹಿಡಿದು ನೋಡುವ ಬಿದರಿಗೆ ಮೂಲೆ ಚೆನ್ನ. ಫೋಟೋ, ನಕ್ಷೆ ತೋರಿಸಿ ವಿವರಿಸಬೇಕಾದ ಯಂತ್ರದವರಿಗೆ ಮೂರು ಗೋಡೆಯೇ ಮೇಲು. ಪ್ಯಾನೆಲ್‌ಗೆ ಮೊಳೆ ಹೊಡೆಯುವಂತಿಲ್ಲ, ತೂತು ಮಾಡುವಂತಿಲ್ಲ. ಮಾಡಿದರೆ ದಂಡ. ಮೇಲಿನ ಪಟ್ಟಿಗೆ ಸಿಕ್ಕಿಸುವ ಎಸ್ ಕೊಕ್ಕೆ ಮತ್ತು ತೆಳು ಸರಪಳಿ 12 ಜೊತೆ ಒಯ್ಯಿರಿ.

ಜಾಗ ಆರಿಸುವಾಗ ಹಾಲ್‌ನ ನಕ್ಷೆ ಕೇಳಿ ಪಡೆಯಿರಿ. ನಿಮ್ಮ ಸ್ಟಾಲ್ ಎದುರಿಗೆ ಕಂಬ ಇದೆಯೇ ಎಂದು ಮೊದಲು ನೋಡಿ. ಒಳಬರುವ ಬಾಗಿಲಿಗೆ ತೀರಾ ಹತ್ತಿರದ ಸ್ಟಾಲುಗಳ ಮುಂದೆ ಜನ ನಿಲ್ಲುವುದಿಲ್ಲ, ಹಾದು ಹೋಗುತ್ತಾರೆ. ಎರಡು ದಾರಿ ಕೂಡುವ ಜಾಗ ಒಳ್ಳೆಯದು.

ಗೋಡೆಯ ಮೇಲೆ ಏನು ಬರೆಸಬೇಕು?

ಏನು ಮಾಡುತ್ತೀರಿ, ಯಾವ ಊರು, ಅಷ್ಟೇ. ‘ಪಾಲಿಶ್ ಇಲ್ಲದ ತೊಗರಿ ಬೇಳೆ, ಕಲಬುರಗಿ’ ಎಂಬ ಸಾಲು ಮಾಲೀಕರ ಹೆಸರಿಗಿಂತ ದೊಡ್ಡದಾಗಿರಲಿ. ಆರು ಮೀಟರ್ ದೂರದಿಂದ ಓದಬೇಕಾದ ಅಕ್ಷರ ಕನಿಷ್ಠ 5 ಸೆಂ.ಮೀ. ಎತ್ತರ ಇರಬೇಕು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಗ ಹೆಚ್ಚು ಬಿಡಿಸಿ. ನೆಲದಿಂದ 1 ಮೀಟರ್‌ವರೆಗೆ ಏನೂ ಬರೆಸಬೇಡಿ. ಅದು ಮೇಜಿನ ಹಿಂದೆ, ಜನರ ಕಾಲಿನ ಹಿಂದೆ ಮುಚ್ಚಿಹೋಗುತ್ತದೆ. ಕಂಬಗಳ ನಡುವೆ ಪ್ಯಾನೆಲ್ ಕಾಣುವ ಅಗಲ ಸುಮಾರು 95 ಸೆಂ.ಮೀ. 100 ಸೆಂ.ಮೀ.ಗೆ ಪ್ರಿಂಟ್ ಹಾಕಿಸಿದರೆ ಅಂಚಿನ ಅಕ್ಷರ ಕಂಬದಡಿ ಹೋಗುತ್ತದೆ. ಸರಿಯಾದ ಅಳತೆಯನ್ನು ಸಂಘಟಕರ ಕೈಪಿಡಿಯಿಂದಲೇ ತೆಗೆದುಕೊಳ್ಳಿ.

ಕನ್ನಡ ಪ್ರಿಂಟಿನ ತೊಂದರೆ ಬೇರೆಯೇ ಇದೆ. ನುಡಿ ಅಥವಾ ಶ್ರೀಲಿಪಿಯಲ್ಲಿ ಟೈಪ್ ಮಾಡಿದ ಫೈಲನ್ನು ಹೈದರಾಬಾದಿನ ಪ್ರಿಂಟರ್‌ಗೆ ಕಳಿಸಿದರೆ ಅಲ್ಲಿ ಆ ಫಾಂಟ್ ಇರುವುದಿಲ್ಲ. ಬೇಳೆ ಎಂಬ ಪದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಬರುತ್ತದೆ. ಯೂನಿಕೋಡ್ ಆದರೂ ಹಳೆಯ ಡಿಸೈನ್ ತಂತ್ರಾಂಶದಲ್ಲಿ ಅರ್ಕಾವತ್ತು, ಒತ್ತಕ್ಷರ ಒಡೆದು ನಿಲ್ಲುತ್ತವೆ. ಅಕ್ಷರಗಳನ್ನೆಲ್ಲ ಕರ್ವ್‌ಗೆ, ಅಂದರೆ ಫಾಂಟ್ ಬೇಡದ ಚಿತ್ರದ ಗೆರೆಗಳಿಗೆ, ಬದಲಿಸಿ ಪಿಡಿಎಫ್ ಕಳಿಸಿ, ಪ್ರಿಂಟ್ ಮಾಡುವ ಮೊದಲು ಫೋಟೋ ತರಿಸಿ ಓದಿ. ಕಲಬುರಗಿಯಲ್ಲೇ ಪ್ರಿಂಟ್ ಹಾಕಿಸಿ ಸುರುಳಿ ಸುತ್ತಿ ಒಯ್ಯುವುದು ಎಲ್ಲಕ್ಕಿಂತ ಕ್ಷೇಮ. ಮಡಿಚಬೇಡಿ, ಮಡಿಚಿದ ಗೆರೆ ದೀಪದ ಕೆಳಗೆ ಎದ್ದು ಕಾಣುತ್ತದೆ.

ಸ್ಟಾಲಿನ ಮೇಲಿನ ಹೆಸರು ಪಟ್ಟಿಯಲ್ಲಿ ಏನಿರಬೇಕೆಂದು ಸಂಘಟಕರಿಗೆ ಬರೆದು ಕೊಡುವ ಕೊನೆಯ ದಿನ ಮೀರಿದರೆ ಅವರಿಗೆ ತೋಚಿದ ಸ್ಪೆಲ್ಲಿಂಗ್ ಬರುತ್ತದೆ. ಸ್ಥಳದಲ್ಲಿ ಬದಲಿಸಲು ಮತ್ತೆ ಹಣ.

ಕರೆಂಟು ಎಷ್ಟು ಬೇಕೆಂದು ಹೇಗೆ ಲೆಕ್ಕ ಹಾಕುವುದು?

5 ಆಂಪ್ ಪ್ಲಗ್‌ನಿಂದ 230 ವೋಲ್ಟ್‌ನಲ್ಲಿ ಸಿಗುವುದು 1,150 ವ್ಯಾಟ್. ಟಿವಿ, ಲ್ಯಾಪ್‌ಟಾಪ್, ಎಲೆಕ್ಟ್ರಾನಿಕ್ ತಕ್ಕಡಿಗೆ ಸಾಕು. ರೊಟ್ಟಿ ಬೇಯಿಸುವ 2,000 ವ್ಯಾಟ್‌ನ ಎಲೆಕ್ಟ್ರಿಕ್ ಹಂಚು ಹಚ್ಚಿದ ತಕ್ಷಣ ನಿಮ್ಮದಷ್ಟೇ ಅಲ್ಲ, ಸಾಲಿನ ನಾಲ್ಕು ಸ್ಟಾಲಿನ ಕರೆಂಟು ಹೋಗಬಹುದು. ಅದಕ್ಕೆ 15 ಆಂಪ್ ಪ್ಲಗ್ ಮುಂಚೆಯೇ ಬರೆಸಬೇಕು. ಸಣ್ಣ ದಾಲ್ ಮಿಲ್ ಯಂತ್ರ ಓಡಿಸಿ ತೋರಿಸುವವರು ಮೋಟಾರು ಸಿಂಗಲ್ ಫೇಸೋ ತ್ರೀ ಫೇಸೋ ಎಂದು ಫಾರಂನಲ್ಲಿ ಸ್ಪಷ್ಟವಾಗಿ ಬರೆಯಿರಿ. 2 ಎಚ್‌ಪಿ ಅಂದರೆ ಸುಮಾರು 1.5 ಕಿಲೋವ್ಯಾಟ್, ಆದರೆ ಮೋಟಾರು ಶುರುವಾಗುವಾಗ ಅದರ ಹಲವು ಪಟ್ಟು ಎಳೆಯುತ್ತದೆ. ಗ್ಯಾಸ್ ಸಿಲಿಂಡರ್ ಅನ್ನು ಹಾಲ್ ಒಳಗೆ ಬಿಡುವುದಿಲ್ಲ.

ಮಾಲನ್ನು ಹೇಗೆ ಪ್ಯಾಕ್ ಮಾಡಿ ಒಯ್ಯಬೇಕು?

ಬಿದರಿಯಿಂದ ಶುರು ಮಾಡೋಣ, ಹೆಚ್ಚು ಹಾಳಾಗುವುದು ಅದೇ. ಬಿದರಿಯ ಮೈ ಸತುವಿನದು, ಅದರಲ್ಲಿ ಸ್ವಲ್ಪ ತಾಮ್ರ. ಕಪ್ಪು ಬರುವುದು ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಿಂದ. ಒಳಕೂರಿಸಿದ ಬೆಳ್ಳಿಗೆ ಶತ್ರು ಗಂಧಕ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಹಳೆಯ ಪತ್ರಿಕೆಯಲ್ಲಿ ಸುತ್ತಿದರೆ ಬೆಳ್ಳಿ ಮಂಕಾಗುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೇ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ, ಆಮೇಲೆ ಫೋಮ್. ಪೆಟ್ಟು ಬಿದ್ದರೆ ಸತು ಬಾಗುವುದಿಲ್ಲ, ಸೀಳುತ್ತದೆ. ಹೂದಾನಿಯ ಕತ್ತು ಒಂದಕ್ಕೊಂದು ತಾಗದಂತೆ ಇಡಿ. ಸ್ಟಾಲಿನಲ್ಲಿ ನೂರು ಕೈ ಮುಟ್ಟಿದ ಮೇಲೆ ಕಪ್ಪು ಮೈ ಬೂದಿಯಾಗಿ ಕಾಣುತ್ತದೆ. ಕೊಬ್ಬರಿ ಎಣ್ಣೆಯ ಹನಿ ಹಾಕಿದ ಬಟ್ಟೆಯಿಂದ ಊಟದ ಹೊತ್ತಿಗೊಮ್ಮೆ, ಸಂಜೆಗೊಮ್ಮೆ ಒರೆಸಿ. ಹಿಂದೆ ಕಪ್ಪು ಬಟ್ಟೆ ಹಾಸಬೇಡಿ, ಮಾಲೇ ಮಾಯವಾಗುತ್ತದೆ. ತಿಳಿ ಬೂದು ಅಥವಾ ಕೆನೆ ಬಣ್ಣ ಹಾಸಿ, ದೀಪವನ್ನು ಪಕ್ಕದಿಂದ ಬಿಡಿ. ಗಾಜಿನ ಶೆಲ್ಫ್ ಎಷ್ಟು ಕೆಜಿ ತಾಳುತ್ತದೆ ಎಂದು ಕೇಳಿಯೇ ಇಡಿ, ಬಿದರಿ ಕಾಣುವುದಕ್ಕಿಂತ ಭಾರ.

ಕಲ್ಲಿನವರ ಲೆಕ್ಕ ತೂಕದ್ದು. 25 ಮಿ.ಮೀ. ದಪ್ಪದ 2×2 ಅಡಿ ಶಹಾಬಾದ್ ಕಲ್ಲು ಒಂದಕ್ಕೆ ಸುಮಾರು 25 ಕೆಜಿ. ಇಪ್ಪತ್ತು ಕಲ್ಲು ಒಯ್ದರೆ ಅರ್ಧ ಟನ್. ಪ್ಯಾನೆಲ್‌ಗೆ ಒಂದನ್ನೂ ಆನಿಸಬೇಡಿ, ಬೀಳುತ್ತದೆ, ಕಾಲು ಮುರಿಯುತ್ತದೆ. ನೆಲದ ಮೇಲೆ ತಾನೇ ನಿಲ್ಲುವ ಕಬ್ಬಿಣದ ಎ ಆಕಾರದ ಸ್ಟ್ಯಾಂಡ್ ಬೇಕು. ದೊಡ್ಡ ಕಲ್ಲು ನಾಲ್ಕು, ಉಳಿದಂತೆ 6×6 ಇಂಚಿನ ತುಂಡುಗಳು ಸಾಕು. ಒರಟು ಮುಖ, ಪಾಲಿಶ್ ಮುಖ ಎರಡೂ ಇರಲಿ. ಆರ್ಕಿಟೆಕ್ಟ್ ಆ ತುಂಡನ್ನು ಚೀಲಕ್ಕೆ ಹಾಕಿಕೊಂಡು ಹೋಗಬೇಕು. ಹಿಂಬದಿಗೆ ಹೆಸರು, ಫೋನ್ ನಂಬರಿನ ಚೀಟಿ ಅಂಟಿಸಿ.

ಬೇಳೆಯವರು ಮೂಟೆ ತರುವ ಅಗತ್ಯವಿಲ್ಲ. ಗಾಜಿನ ಜಾಡಿಯಲ್ಲಿ ಇಡೀ ತೊಗರಿ, ಪಾಲಿಶ್ ಇಲ್ಲದ ಬೇಳೆ, ಎಣ್ಣೆ ಹಚ್ಚಿದ ಬೇಳೆ, ಚುನಿ ಹೀಗೆ ಸಾಲಾಗಿ ಇಡಿ. ಖರೀದಿದಾರ ಜಾಡಿಗೆ ಕೈ ಹಾಕಿ ನೋಡುತ್ತಾನೆ, ಮುಚ್ಚಳ ತೆಗೆದೇ ಇಡಿ. 50 ಗ್ರಾಂ ಪೊಟ್ಟಣ 400 ಮಾಡಿದರೆ 20 ಕೆಜಿ ಆಯಿತು. ಅವನ್ನು ದಾರಿಹೋಕರಿಗೆಲ್ಲ ಹಂಚಬೇಡಿ, ವಿಸಿಟಿಂಗ್ ಕಾರ್ಡ್ ಕೊಟ್ಟವರಿಗೆ ಕೊಡಿ.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿದೆ. ಬಿದರಿಗೆ ಅದಕ್ಕೂ ಮೊದಲೇ ಇದೆ. ಆದರೆ ಇಲ್ಲಿ ತಯಾರಿಸುತ್ತೇವೆ ಎಂಬ ಒಂದೇ ಕಾರಣಕ್ಕೆ ಜಿಐ ಚಿಹ್ನೆಯನ್ನು ಬ್ಯಾನರ್‌ಗೆ ಹಾಕುವಂತಿಲ್ಲ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು.

ಖಡಕ್ ರೊಟ್ಟಿಯದು ಎರಡು ಕಷ್ಟ, ಮುರಿಯುವುದು ಮತ್ತು ಮೆತ್ತಗಾಗುವುದು. ಹತ್ತರ ಗಂಟು ಮಾಡಿ, ಮೇಲೆ ಕೆಳಗೆ ದಪ್ಪ ರಟ್ಟಿನ ಬಿಲ್ಲೆ ಇಟ್ಟು, ಗಾಳಿಯಾಡದ ಚೀಲಕ್ಕೆ ಹಾಕಿ. ಬಾಕ್ಸಿನಲ್ಲಿ ಮಲಗಿಸಿಯೇ ಇಡಬೇಕು. ಮಳೆಗಾಲದ ಮೇಳದಲ್ಲಿ ಚೀಲ ಒಡೆದ ರೊಟ್ಟಿ ಬೇಗ ಮೆತ್ತಗಾಗುತ್ತದೆ, ರುಚಿಗೆ ಇಡುವುದನ್ನು ಆಗಾಗ ಹೊಸ ಚೀಲದಿಂದ ತೆಗೆಯಿರಿ. ಜೊತೆಗೆ ಶೇಂಗಾ ಹಿಂಡಿ ಇರಲಿ.

ತಿನಿಸು ರುಚಿ ನೋಡಲು ಕೊಡಲು, ಮಾರಲು ಏನು ಪರವಾನಗಿ ಬೇಕು?

ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ, ದೊಡ್ಡ ಘಟಕವಾದರೆ ಪರವಾನಗಿ, ಬೇಕೇ ಬೇಕು. 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೂ ಸ್ಟಾಲಿನಲ್ಲೂ ಕಾಣಬೇಕು. ಪ್ಯಾಕೆಟ್ ಮೇಲೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಿಸಿದ ದಿನಾಂಕ, ದೂರಿಗೆ ಫೋನ್ ನಂಬರ್ ಇರಬೇಕು. ತೂಗಿ ಮಾರುವುದಾದರೆ ತಕ್ಕಡಿಯ ಈ ವರ್ಷದ ಮುದ್ರೆ ಪತ್ರವನ್ನೂ ಒಯ್ಯಿರಿ.

ಬೇರೆ ರಾಜ್ಯದ ಮೇಳದಲ್ಲಿ ಮಾರಲು ನಮ್ಮ ಕರ್ನಾಟಕದ ಜಿಎಸ್‌ಟಿ ನೋಂದಣಿ ಸಾಲದೇ?

ಸಾಲದು. ಹೆಚ್ಚು ಜನ ಎಡವುವುದು ಇಲ್ಲಿ. ಹೈದರಾಬಾದ್ ಅಥವಾ ಸೊಲ್ಲಾಪುರದ ಸ್ಟಾಲಿನಲ್ಲಿ ತೆರಿಗೆ ಇರುವ ಮಾಲನ್ನು ಕೈಯಿಂದ ಕೈಗೆ ಮಾರಿದರೆ ಆ ರಾಜ್ಯದಲ್ಲಿ ‘ಸಾಂದರ್ಭಿಕ ತೆರಿಗೆದಾರ’ ಎಂದು ನೋಂದಣಿ ಮಾಡಿಸಬೇಕು. ವ್ಯವಹಾರ ಶುರುವಾಗುವ ಕನಿಷ್ಠ 5 ದಿನ ಮೊದಲು ಅರ್ಜಿ ಹಾಕಬೇಕು, ಅಂದಾಜು ತೆರಿಗೆಯನ್ನು ಮುಂಗಡ ಕಟ್ಟಬೇಕು. ನೋಂದಣಿಯ ಅವಧಿ ಗರಿಷ್ಠ 90 ದಿನ, ಕೇಳಿದರೆ ಇನ್ನೊಂದು 90 ದಿನ ವಿಸ್ತರಿಸುತ್ತಾರೆ. 5 ದಿನ ಎಂದು ಕಾನೂನು ಹೇಳಿದರೂ ನೀವು ತಿಂಗಳ ಮೊದಲೇ ಲೆಕ್ಕಪರಿಶೋಧಕರ ಹತ್ತಿರ ಹೋಗಿ. ಸಂಘಟಕರ ಹಂಚಿಕೆ ಪತ್ರವನ್ನೇ ಸ್ಥಳದ ದಾಖಲೆಯಾಗಿ ಕೊಡಬೇಕಾಗುತ್ತದೆ, ಅದು ಬರುವುದೇ ತಡ.

ಕಾಂಪೋಸಿಷನ್‌ನಲ್ಲಿ ಇರುವವರು ಹೊರ ರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ಅಂಥವರಿಗೆ ಬೆಂಗಳೂರು, ಹುಬ್ಬಳ್ಳಿ ಮೇಳಗಳೇ ಸರಿ, ಇಲ್ಲವೇ ಮೊದಲು ಸಾಮಾನ್ಯ ನೋಂದಣಿಗೆ ಬದಲಾಗಬೇಕು.

ಬರೀ ಪ್ರದರ್ಶನ ಮಾಡಿ, ಆರ್ಡರ್ ಬರೆದುಕೊಂಡು, ಬಂದ ಮೇಲೆ ಕಲಬುರಗಿಯಿಂದ ಬಿಲ್ ಮಾಡಿ ಕಳಿಸುವವರಿಗೆ ಈ ತಾಪತ್ರಯ ಇಲ್ಲ. ಹೊಸಬರಿಗೆ ಇದೇ ದಾರಿ ಸುಲಭ. ಅಧಿಸೂಚನೆಯಲ್ಲಿರುವ ಕರಕುಶಲ ವಸ್ತುಗಳನ್ನು ಮಾರುವ ಸಣ್ಣ ಕುಶಲಕರ್ಮಿಗಳಿಗೆ ವಹಿವಾಟು 20 ಲಕ್ಷದೊಳಗಿದ್ದರೆ ಹೊರ ರಾಜ್ಯದ ಮೇಳಕ್ಕೂ ನೋಂದಣಿಯಿಂದ ವಿನಾಯಿತಿ ಇದೆ. ಆದರೆ ಪ್ಯಾನ್ ಬೇಕು, ಮತ್ತು ಮಾಲಿನ ಬೆಲೆ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್, ಅಂದರೆ ಸರಕು ಸಾಗಣೆಯ ಆನ್‌ಲೈನ್ ಪತ್ರ, ಬೇಕು.

ಉಳಿದವರಿಗೆ ಇ-ವೇ ಬಿಲ್ 50,000 ರೂ. ಮೀರಿದಾಗ. ಮಾರಾಟವಲ್ಲದ ಸಾಗಣೆಗೆ ಇನ್‌ವಾಯ್ಸ್ ಅಲ್ಲ, ಡೆಲಿವರಿ ಚಲನ್ ಮೂರು ಪ್ರತಿ. ಇ-ವೇ ಬಿಲ್‌ನಲ್ಲಿ ಕಾರಣ ‘ಪ್ರದರ್ಶನ ಅಥವಾ ಮೇಳ’ ಎಂದು ಆರಿಸಿ. ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದಂತೆ ಅವಧಿ. ಬೀದರ್‌ನಿಂದ ಹೈದರಾಬಾದಿಗೆ ಒಂದೇ ದಿನ, ಕಲಬುರಗಿಯಿಂದ ಅಲ್ಲಿಗೆ ಎರಡು ದಿನ.

ಸ್ಟಾಲಿನಲ್ಲಿ ಎಷ್ಟು ಜನ ಇರಬೇಕು?

9 ಚದರ ಮೀಟರಿಗೆ ಒಮ್ಮೆಗೆ ಇಬ್ಬರು, ಬದಲಿಗೆ ಮೂರನೆಯವರು. ಇಬ್ಬರಲ್ಲಿ ಒಬ್ಬರಿಗೆ ರೇಟು ಇಳಿಸುವ ಅಧಿಕಾರ ಇರಲೇಬೇಕು. ‘ಸಾಹುಕಾರರನ್ನು ಕೇಳಿ ಹೇಳ್ತೀನ್ರಿ’ ಅಂದರೆ ಖರೀದಿದಾರ ಮುಂದಿನ ಸ್ಟಾಲಿಗೆ ಹೋದ. ಮೇಜನ್ನು ಎದುರಿಗೆ ಅಡ್ಡ ಹಾಕಬೇಡಿ, ಪಕ್ಕದ ಗೋಡೆಗೆ ಸರಿಸಿ. ಜನ ಒಳಗೆ ಕಾಲಿಡಬೇಕು. ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುವವನ ಸ್ಟಾಲಿಗೆ ಯಾರೂ ಬರುವುದಿಲ್ಲ.

ಬಂದವರ ವಿವರ ಬರೆದಿಡುವುದು ಹೇಗೆ?

ರಿಜಿಸ್ಟರ್ ಇಟ್ಟು ‘ಹೆಸರು ಬರೀರಿ’ ಅನ್ನುವುದು ದಂಡ. ಬರೀ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ. ಅಂಗೈ ಅಗಲದ ಫಾರಂ ಅಚ್ಚು ಹಾಕಿಸಿ. ವಿಸಿಟಿಂಗ್ ಕಾರ್ಡ್ ಅಂಟಿಸುವ ಜಾಗ, ಯಾವ ಮಾಲು, ಎಷ್ಟು, ಯಾವಾಗ ಬೇಕು, ನಾವು ಏನು ಕಳಿಸುತ್ತೇವೆಂದು ಮಾತು ಕೊಟ್ಟೆವು, ಮತ್ತು ಕೊಳ್ಳುವ ಸಾಧ್ಯತೆಗೆ ತಕ್ಕಂತೆ ಎ, ಬಿ, ಸಿ ಎಂಬ ದರ್ಜೆ. ಇಬ್ಬರು ದಿನಕ್ಕೆ 7 ಗಂಟೆ, ಗಂಟೆಗೆ ಐದು ಮಾತುಕತೆ, ಮೂರು ದಿನ ಅಂದರೆ 210 ಫಾರಂ. 250 ಅಚ್ಚು ಹಾಕಿಸಿದರೆ ಸಾಕು.

ಎ ದರ್ಜೆಯವರಿಗೆ ಅಂದೇ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ರೇಟು ಪಟ್ಟಿ ಹೋಗಬೇಕು. ಬಿ ಅವರಿಗೆ ಊರಿಗೆ ಬಂದ ಮೂರು ದಿನದೊಳಗೆ ಫೋನ್. ಹತ್ತು ದಿನ ಕಳೆದರೆ ಅವರಿಗೆ ನಿಮ್ಮ ಸ್ಟಾಲಿನ ನೆನಪೂ ಇರುವುದಿಲ್ಲ. ಮೇಳದಿಂದ ಬಂದು ‘ದಣಿವಾಯ್ತು, ಸೋಮವಾರ ನೋಡೋಣ’ ಎಂದವರು ಬಾಡಿಗೆ ಕಟ್ಟಿದ್ದು ದಾನವಾಯಿತೆಂದೇ ತಿಳಿಯಿರಿ. ನಿಮ್ಮ ಊರಿನಲ್ಲಿ ಒಬ್ಬರನ್ನು ಈ ಕೆಲಸಕ್ಕೇ ಮೊದಲೇ ನೇಮಿಸಿ.

ತೊಗರಿ ರೇಟು ದಿನಕ್ಕೊಂದು. ಪಟ್ಟಿ ಹೇಗೆ ಕೊಡುವುದು?

ಪಟ್ಟಿಯ ಮೇಲೆ ದಿನಾಂಕ ಹಾಕಿ, ‘7 ದಿನ ಮಾತ್ರ ಚಾಲ್ತಿ’ ಎಂದು ಬರೆಯಿರಿ. ಲಾರಿ ಬಾಡಿಗೆ ಸೇರಿದೆಯೋ ಇಲ್ಲವೋ, ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಕನಿಷ್ಠ ಆರ್ಡರ್ ಎಷ್ಟು, ಚೀಲ 30 ಕೆಜಿಯೋ 50 ಕೆಜಿಯೋ, ತೇವಾಂಶ ಎಷ್ಟು, ಇವೆಲ್ಲ ಅದರಲ್ಲೇ ಇರಲಿ. ನಿಮ್ಮ ಗಿರಣಿಯಿಂದ ದಿನಕ್ಕೆ 2 ಟನ್ ಬರುವಾಗ 10 ಟನ್ ಒಪ್ಪಿಕೊಳ್ಳಬೇಡಿ. ಮೊದಲ ಲಾಟ್ ತಡವಾದರೆ ಎರಡನೆಯದು ಬರುವುದಿಲ್ಲ.

ಸರ್ಕಾರದಿಂದ ಸ್ಟಾಲಿಗೆ ನೆರವು ಸಿಗುತ್ತದೆಯೇ?

ಸಿಗುತ್ತದೆ, ಆದರೆ ಮೊದಲೇ ಕೇಳಿದವರಿಗೆ. ಉದ್ಯಮ್ ನೋಂದಣಿ ಇರುವ ಸಣ್ಣ ಘಟಕಗಳಿಗೆ ಕೇಂದ್ರದ ಖರೀದಿ ಮತ್ತು ಮಾರುಕಟ್ಟೆ ಬೆಂಬಲ ಯೋಜನೆಯಲ್ಲಿ ಸ್ಟಾಲ್ ಬಾಡಿಗೆಯ ದೊಡ್ಡ ಪಾಲು ಮರಳಿ ಬರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಪಾಲು ಹೆಚ್ಚು. ಮೊದಲು ನಿಮ್ಮ ಕೈಯಿಂದ ಕಟ್ಟಬೇಕು, ಆಮೇಲೆ ಬಿಲ್, ಫೋಟೋ ಕೊಟ್ಟು ಪಡೆಯಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಬಿದರಿಯವರು ಕುಶಲಕರ್ಮಿಗಳ ಗುರುತಿನ ಚೀಟಿಯಾದ ಪೆಹಚಾನ್ ಕಾರ್ಡ್ ಮಾಡಿಸಿಕೊಂಡರೆ ಗಾಂಧಿ ಶಿಲ್ಪ ಬಜಾರ್ ಎಂಬ ಕರಕುಶಲ ಮೇಳಕ್ಕೆ ಅರ್ಜಿ ಹಾಕಬಹುದು. ಸ್ವಸಹಾಯ ಸಂಘಗಳಿಗೆ ರಾಜ್ಯದ ಗ್ರಾಮೀಣ ಜೀವನೋಪಾಯ ಸಂಸ್ಥೆ ಸಂಜೀವಿನಿ ಮೂಲಕ ಸರಸ್ ಮೇಳದ ದಾರಿ ಇದೆ.

ಸಂಘಟಕರು ನಿಜವಾದವರೋ ಎಂದು ಹೇಗೆ ತಿಳಿಯುವುದು?

ಮೇಳ ನಡೆಯುವ ಹಾಲ್‌ನ ಕಚೇರಿಗೇ ಫೋನ್ ಮಾಡಿ, ಆ ದಿನಾಂಕಕ್ಕೆ ಬುಕಿಂಗ್ ಇದೆಯೇ ಕೇಳಿ. ವ್ಯಕ್ತಿಯ ಹೆಸರಿನ ಖಾತೆಗೆ ಹಣ ಹಾಕಬೇಡಿ. ಕಳೆದ ಮೇಳದ ಸ್ಟಾಲ್ ಪಟ್ಟಿ ತರಿಸಿ, ಅದರಲ್ಲಿ ಮೂವರಿಗೆ ಫೋನ್ ಮಾಡಿ ‘ಮತ್ತೆ ಹೋಗ್ತೀರಾ?’ ಎಂದಷ್ಟೇ ಕೇಳಿ. ‘ಮೇಳಕ್ಕೆ ಬರುವ 20 ಸಾವಿರ ಜನರ ಪಟ್ಟಿ ಮಾರುತ್ತೇವೆ’ ಎಂಬ ಇ-ಮೇಲ್‌ಗಳು ಬುಕ್ ಮಾಡಿದ ಮೇಲೆ ಬರುತ್ತವೆ. ಅವನ್ನು ಅಳಿಸಿಹಾಕಿ.

ನಮ್ಮೂರಲ್ಲೇ ಮೈದಾನದಲ್ಲಿ ನಡೆಯುವ ಪ್ರದರ್ಶನಕ್ಕೆ ಬೇರೆ ಎಚ್ಚರ ಏನು?

ಬಿಸಿಲು, ಧೂಳು. ಮಾರ್ಚ್ ನಂತರ ಕಲಬುರಗಿಯಲ್ಲಿ 40 ಡಿಗ್ರಿ ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಹೆಚ್ಚು. ಹೋಳಿಗೆ, ಚಾಕೊಲೇಟ್, ಮೇಣದ ವಸ್ತು ನಿಲ್ಲುವುದಿಲ್ಲ, ಬ್ಯಾನರಿನ ಅಂಟು ಬಿಡುತ್ತದೆ. ಮಧ್ಯಾಹ್ನ 12ರಿಂದ 5 ಖಾಲಿ, ಜನ ಬರುವುದು ಸಂಜೆ 6ರ ಮೇಲೆ. ಅದಕ್ಕೆ ತಕ್ಕಂತೆ ಜನರ ಪಾಳಿ ಹಾಕಿ, ದೀಪಕ್ಕೆ ಹೆಚ್ಚು ಖರ್ಚು ಮಾಡಿ. ರಾತ್ರಿ ಸ್ಟಾಲ್ ಮುಚ್ಚಲು ದಪ್ಪ ತಾಡಪತ್ರಿ ಬೇಕು, ಬೇಸಿಗೆಯ ಅಡ್ಡಮಳೆ ಹೇಳಿ ಬರುವುದಿಲ್ಲ.

ಕೊನೆಯ ದಿನ ಉಳಿದ ಮಾಲನ್ನು ತರುವಾಗ ಏನು ನೋಡಬೇಕು?

ಹೋಗುವಾಗಿನ ಇ-ವೇ ಬಿಲ್ ಬರುವಾಗ ನಡೆಯುವುದಿಲ್ಲ, ಹೊಸದು ಮಾಡಬೇಕು. ಎಷ್ಟು ಒಯ್ದಿರಿ, ಎಷ್ಟು ಮಾರಿದಿರಿ, ಎಷ್ಟು ಸ್ಯಾಂಪಲ್ ಕೊಟ್ಟಿರಿ ಎಂಬ ಲೆಕ್ಕ ಚಲನ್‌ಗೆ ತಾಳೆಯಾಗಬೇಕು. ಹಾಲ್‌ನಿಂದ ಮಾಲು ಹೊರತರಲು ಸಂಘಟಕರ ಗೇಟ್ ಪಾಸ್ ಬೇಕು. ಬಾಕಿ ಬಿಲ್ ಇದ್ದರೆ ಕೊಡುವುದಿಲ್ಲ, ಆದ್ದರಿಂದ ಮಧ್ಯಾಹ್ನವೇ ಕರೆಂಟು ಮತ್ತು ಹೆಚ್ಚುವರಿ ಸಾಮಾನಿನ ಲೆಕ್ಕ ತೀರಿಸಿ. ಮುಚ್ಚುವ ಹೊತ್ತಿಗೆ ಮೊದಲೇ ಪ್ಯಾಕ್ ಮಾಡಬೇಡಿ, ಕೊನೆಯ ಎರಡು ಗಂಟೆಗಳಲ್ಲಿ ಅವಸರವಿಲ್ಲದ ಖರೀದಿದಾರರು ಎರಡನೇ ಸುತ್ತು ಬರುತ್ತಾರೆ. ಕಳ್ಳತನ ಹೆಚ್ಚು ಆಗುವುದು ಮೇಳ ನಡೆಯುವಾಗ ಅಲ್ಲ, ಬಿಚ್ಚುವ ಆ ಗದ್ದಲದ ರಾತ್ರಿ. ಬಾಕ್ಸ್‌ಗಳಿಗೆ ನಂಬರ್ ಬರೆದು, ಒಬ್ಬರನ್ನು ಮಾಲಿನ ಹತ್ತಿರವೇ ನಿಲ್ಲಿಸಿ, ಬರೆದ ಫಾರಂಗಳ ಕಟ್ಟನ್ನು ಲಾರಿಗೆ ಹಾಕದೆ ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ.